ಹೊಳೆಯ ಎರಡು ದಡ, ಒಂದು ಸೈಕಲ್ ಸುತ್ತು



ಒಂದು ಹಾಳೆಯನ್ನೂ ಪೆನ್ಸಿಲನ್ನೂ ಕೈಗೆ ತೆಗೆದುಕೊಳ್ಳಿ. ಹಾಳೆಯ ಎಡ ಅಂಚಿನಿಂದ ಬಲ ಅಂಚಿನವರೆಗೆ, ಹಾವು ಹರಿದ ಹಾಗೆ ಎರಡು ಮೂರು ಕಡೆ ಬಾಗುವ ಒಂದು ಗೆರೆಯನ್ನು ಎಳೆಯಿರಿ. ಇದು ಚಾರ್ಲ್ಸ್ ನದಿ. ಬಲಗಡೆ ಕೊನೆಯಲ್ಲಿ ಅಟ್ಲಾಂಟಿಕ್ ಸಮುದ್ರ. ಗೆರೆಯ ಕೆಳಗೆ 'ಬಾಸ್ಟನ್' ಎಂದು ಬರೆಯಿರಿ, ಮೇಲೆ 'ಕೇಂಬ್ರಿಜ್' ಎಂದು ಬರೆಯಿರಿ, ಎಡ ತುದಿಯಲ್ಲಿ 'ವಾಟರ್‌ಟೌನ್' ಎಂದು ಬರೆಯಿರಿ. ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವ ಕರಾವಳಿಯ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ತುಣುಕು ಈಗ ನಿಮ್ಮ ಹಾಳೆಯ ಮೇಲಿದೆ. ಇನ್ನು ಪೆನ್ಸಿಲನ್ನು ಬಲತುದಿಯಲ್ಲಿಟ್ಟು, ನದಿಯ ಕೆಳದಡದ ಗುಂಟ ವಾಟರ್‌ಟೌನಿನವರೆಗೆ ಹೋಗಿ, ಅಲ್ಲಿ ಸೇತುವೆ ದಾಟಿ, ಮೇಲಿನ ದಡದ ಗುಂಟ ಹೊರಟಲ್ಲಿಗೇ ಬನ್ನಿ. ನೀವು ಎಳೆದ ಈ ಸುತ್ತು ನೆಲದ ಮೇಲೆ ಸುಮಾರು 28 ಕಿಲೋಮೀಟರ್ ಆಗುತ್ತದೆ. ಇದು ಸೈಕಲ್ಲಿನವರಿಗೂ ಕಾಲ್ನಡಿಗೆಯವರಿಗೂ ಮೀಸಲಾದ ದಾರಿ. ಗಡಿಬಿಡಿಯಿಲ್ಲದೆ ತುಳಿದರೆ ಎರಡು ಗಂಟೆ ಸಾಕು. ನಿಂತು ನೋಡುವ ಅಭ್ಯಾಸವಿದ್ದರೆ ಅರ್ಧ ದಿನವೂ ಸಾಲದು.

ಈ ನದಿ ದೊಡ್ಡದೇನಲ್ಲ. ಹಾಪ್‌ಕಿಂಟನ್ ಎಂಬ ಊರಿನ ಎಕೋ ಎಂಬ ಸರೋವರದಲ್ಲಿ ಹುಟ್ಟುತ್ತದೆ. ಪ್ರಸಿದ್ಧವಾದ ಬಾಸ್ಟನ್ ಮ್ಯಾರಥಾನ್ ಓಟವೂ 1924ರಿಂದ ಅದೇ ಊರಿನಿಂದ ಹೊರಡುತ್ತಿದೆ. ಓಟಗಾರನು 42 ಕಿಲೋಮೀಟರ್ ಓಡಿ ನಗರ ಸೇರುತ್ತಾನೆ. ನದಿಯು ಊರೂರು ಸುತ್ತಿ ಸುಮಾರು 129 ಕಿಲೋಮೀಟರ್ ಹರಿದು ಅದೇ ನಗರವನ್ನು ಸೇರುತ್ತದೆ. ಅಂಥ ಸೋಮಾರಿ ಹೊಳೆ ಇದು. ಆದರೆ ದೊಡ್ಡ ನಗರದ ನಟ್ಟನಡುವೆ, ಎರಡೂ ದಡಗಳ ಮೇಲೆ, ಯಾರ ಅಪ್ಪಣೆಯೂ ಇಲ್ಲದೆ, ಒಂದು ಕಾಸೂ ಕೊಡದೆ ಹೀಗೆ ಸುತ್ತಿ ಬರುವುದು ಸಾಧ್ಯವಾದದ್ದು ಹೇಗೆ? ನಗರದ ಹೊಳೆದಂಡೆ ಎಂದರೆ ಬೆಲೆಬಾಳುವ ಜಾಗ. ಗೋದಾಮು, ಕಾರ್ಖಾನೆ, ರೈಲುಹಾದಿ, ಶ್ರೀಮಂತರ ತೋಟ, ಇವೆಲ್ಲವೂ ಅಲ್ಲಿಗೇ ಬರಲು ಹಾತೊರೆಯುತ್ತವೆ. ಹಾಗಿರುವಾಗ ಈ 28 ಕಿಲೋಮೀಟರ್ ಹೇಗೆ ಉಳಿಯಿತು, ಎಲ್ಲಿ ಉಳಿಯಲಿಲ್ಲ ಎಂಬುದನ್ನು ಸೈಕಲ್ಲಿನ ಮೇಲೆ ಕುಳಿತೇ ಓದಬಹುದು. ಬನ್ನಿ, ಹಾಗೆ ಓದುತ್ತಾ ಹೋಗೋಣ.

ಹೊರಡುವ ಸ್ಥಳ ವಿಜ್ಞಾನ ವಸ್ತುಸಂಗ್ರಹಾಲಯ. ಅದು ಕಟ್ಟಿರುವುದೇ ಒಂದು ಹಳೆಯ ಅಣೆಕಟ್ಟಿನ ಮೇಲೆ. ಆ ಕಥೆ ಇನ್ನೊಂದು ನಿಮಿಷದಲ್ಲಿ ಬರುತ್ತದೆ. ಅಲ್ಲಿಂದ ಬಾಸ್ಟನ್ ದಡದಲ್ಲಿ ಸ್ವಲ್ಪ ದೂರ ಸಾಗಿದರೆ ಎಡಗಡೆಗೆ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಕಟ್ಟಡಗಳು ಕಾಣುತ್ತವೆ. ಈ ಸೈಕಲ್ ದಾರಿಗೆ ಯಾರ ಹೆಸರಿಟ್ಟಿದ್ದಾರೋ ಆ ವೈದ್ಯರು ಕೆಲಸ ಮಾಡಿದ್ದು ಇಲ್ಲಿಯೇ. ಅವರು ಡಾಕ್ಟರ್ ಪಾಲ್ ಡಡ್ಲಿ ವೈಟ್. ಬಾಸ್ಟನ್ನಿನಲ್ಲೇ 1886ರಲ್ಲಿ ಹುಟ್ಟಿದವರು, 1973ರಲ್ಲಿ ತೀರಿಕೊಂಡವರು. ಹೃದ್ರೋಗ ಚಿಕಿತ್ಸೆಯು ಒಂದು ಪ್ರತ್ಯೇಕ ಶಾಸ್ತ್ರವಾಗಿ ಬೆಳೆಯುತ್ತಿದ್ದ ಕಾಲದಲ್ಲಿ ಅದಕ್ಕೆ ಬುನಾದಿ ಹಾಕಿದವರಲ್ಲೊಬ್ಬರು. ನಿಮ್ಮಲ್ಲಿ ವೈದ್ಯಕೀಯ ಓದಲು ಹೊರಟವರು ಮುಂದೆ ಹೃದಯಬಡಿತದ ಒಂದು ದೋಷದ ಹೆಸರಿನಲ್ಲಿ ವುಲ್ಫ್, ಪಾರ್ಕಿನ್‌ಸನ್ ಎಂಬಿಬ್ಬರ ಜತೆಗೆ ಈ ವೈಟರ ಹೆಸರನ್ನೂ ಕಾಣುತ್ತೀರಿ. ಆ ಮೂವರು ಅದನ್ನು ವಿವರಿಸಿದ್ದು 1930ರಲ್ಲಿ.

1955ರ ಸೆಪ್ಟೆಂಬರ್ 24ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾಯಿತು. ಮುಂದಿನ ಸೋಮವಾರ ನ್ಯೂಯಾರ್ಕಿನ ಷೇರುಪೇಟೆ ಕುಸಿದುಬಿತ್ತು. ಹೃದಯಾಘಾತವೆಂದರೆ ಬದುಕು ಮುಗಿದಂತೆ, ಉಳಿದರೂ ಮಂಚ ಹಿಡಿದಂತೆ ಎಂದು ಜನ ನಂಬಿದ್ದ ದಿನಗಳವು. ಅಧ್ಯಕ್ಷರನ್ನು ನೋಡಲು ಕರೆಸಲ್ಪಟ್ಟ ವೈಟ್ ಅವರು ಪತ್ರಕರ್ತರ ಮುಂದೆ ಕುಳಿತು ಹೃದಯಕ್ಕೆ ಏನಾಗಿದೆ, ಅದು ಹೇಗೆ ಮಾಯುತ್ತದೆ ಎಂಬುದನ್ನು ಶಾಲೆಯ ಮಕ್ಕಳಿಗೆ ಪಾಠ ಹೇಳುವಂತೆ ಬಿಡಿಸಿ ಹೇಳಿದರು. ಮರುವರ್ಷ ಐಸೆನ್‌ಹೋವರ್ ಮತ್ತೆ ಚುನಾವಣೆಗೆ ನಿಂತು ಗೆದ್ದರು. ಕಾಲುಗಳನ್ನು ದುಡಿಸಿದರೆ ಹೃದಯಕ್ಕೆ ಒಳ್ಳೆಯದು ಎಂದು ವೈಟ್ ಹೋದಲ್ಲೆಲ್ಲ ಹೇಳುತ್ತಿದ್ದರು, ತಾವೂ ಇಳಿವಯಸ್ಸಿನವರೆಗೆ ಸೈಕಲ್ ತುಳಿದರು. ಕಾರಿನ ವ್ಯಾಮೋಹ ಉತ್ತುಂಗದಲ್ಲಿದ್ದ ಆ ದೇಶದಲ್ಲಿ ಸೈಕಲ್ಲು ಮಕ್ಕಳ ಆಟದ ಸಾಮಾನು ಎನಿಸಿಕೊಂಡಿದ್ದಾಗ, ಒಬ್ಬ ಹಿರಿಯ ವೈದ್ಯರು ಅದನ್ನು ಹತ್ತಿ ತೋರಿಸಿದ್ದು ಸಣ್ಣ ಮಾತಲ್ಲ.

ಈ ವೈದ್ಯರಿಗೂ ನಮ್ಮ ದೇಶಕ್ಕೂ ಒಂದು ನಂಟಿದೆ. ಭಾರತದ ಮೊದಲ ತಲೆಮಾರಿನ ಹೃದ್ರೋಗ ತಜ್ಞೆ ಡಾಕ್ಟರ್ ಎಸ್. ಪದ್ಮಾವತಿ ಅವರು 1950ರ ದಶಕದ ಆರಂಭದಲ್ಲಿ ಬಾಸ್ಟನ್ನಿಗೆ ಹೋಗಿ ವೈಟ್ ಅವರ ಬಳಿ ಕಲಿತರು. ಆಮೇಲೆ ದೆಹಲಿಗೆ ಮರಳಿ, 1962ರಲ್ಲಿ ಅಖಿಲ ಭಾರತ ಹೃದಯ ಪ್ರತಿಷ್ಠಾನವನ್ನು ಕಟ್ಟಿದರು. ತೊಂಬತ್ತು ದಾಟಿದ ಮೇಲೂ ರೋಗಿಗಳನ್ನು ನೋಡುತ್ತಿದ್ದ ಅವರು 2020ರಲ್ಲಿ, 103ನೆಯ ವಯಸ್ಸಿನಲ್ಲಿ ನಿಧನರಾದರು.

ಆಸ್ಪತ್ರೆಯನ್ನು ದಾಟಿ ಲಾಂಗ್‌ಫೆಲೊ ಸೇತುವೆಯ ಅಡಿಯಿಂದ ಹೊರಬಂದರೆ ನದಿ ತಟ್ಟನೆ ಅಗಲವಾಗುತ್ತದೆ. ಹುಲ್ಲುಹಾಸು, ಮರಗಳು, ಸಣ್ಣ ಕೊಳಗಳು, ಬಿಳಿ ಹಾಯಿಯ ದೋಣಿಗಳು, ತೆರೆದ ಸಂಗೀತ ವೇದಿಕೆ, ಹೀಗೆ ಚಿತ್ರಪಟದಂತಹ ಜಾಗ. ಇದಕ್ಕೆ ಎಸ್ಪ್ಲನೇಡ್ ಎನ್ನುತ್ತಾರೆ. ಇದು ದೇವರು ಕೊಟ್ಟ ಸೌಂದರ್ಯವೆಂದು ತಿಳಿಯಬೇಡಿ. ನೂರಿಪ್ಪತ್ತು ವರ್ಷಗಳ ಹಿಂದೆ ಇಲ್ಲಿ ನಿಂತಿದ್ದರೆ ನೀವು ಮೂಗು ಮುಚ್ಚಿಕೊಳ್ಳಬೇಕಾಗಿತ್ತು. ಆಗ ಇದು ಅಳಿವೆ. ಬಾಸ್ಟನ್ನಿನಲ್ಲಿ ಸಮುದ್ರದ ಉಬ್ಬರಕ್ಕೂ ಇಳಿತಕ್ಕೂ ಸುಮಾರು ಮೂರು ಮೀಟರ್ ಅಂತರ. ಉಬ್ಬರದಲ್ಲಿ ಉಪ್ಪುನೀರು ಒಳನುಗ್ಗುತ್ತಿತ್ತು. ಇಳಿತದಲ್ಲಿ ನೀರು ಸರಿದು, ಚರಂಡಿಗಳು ತಂದು ಸುರಿದದ್ದೆಲ್ಲ ಕೆಸರಿನ ಮೇಲೆ ಬಿಸಿಲಿಗೆ ಬಿದ್ದಿರುತ್ತಿತ್ತು. ಹೀಗೆ ದಿನಕ್ಕೆ ಎರಡು ಬಾರಿ. 1910ರಲ್ಲಿ ನದೀಮುಖದಲ್ಲಿ ಒಂದು ಅಣೆಕಟ್ಟು ಮುಗಿಯಿತು. ನಾವು ಹೊರಟ ವಸ್ತುಸಂಗ್ರಹಾಲಯ ಇರುವುದು ಇದರ ಮೇಲೆಯೇ. ಸಮುದ್ರವು ಹೊರಗೆ ಉಳಿಯಿತು, ಒಳಗಿನ ನೀರು ಒಂದೇ ಮಟ್ಟದಲ್ಲಿ ನಿಂತಿತು, ಕೆಸರು ನೀರಿನಡಿ ಮರೆಯಾಯಿತು, ಮನುಷ್ಯರು ಕೂರಬಹುದಾದ ದಡ ದಕ್ಕಿತು. ಆ ಕೆಸರು ಮರೆಯಾಯಿತೇ ಹೊರತು ಇಲ್ಲವಾಗಲಿಲ್ಲ ಎಂಬುದನ್ನು ಮಾತ್ರ ನೆನಪಿನಲ್ಲಿಡಿ.

ಅಣೆಕಟ್ಟಿಗಾಗಿ ಹೋರಾಡಿದವರಲ್ಲಿ ಮುಖ್ಯರು ಜೇಮ್ಸ್ ಸ್ಟಾರೋ ಎಂಬ ಬ್ಯಾಂಕರ್. ಅವರು ತೀರಿಕೊಂಡ ಮೇಲೆ, 1920ರ ದಶಕದ ಕೊನೆಯ ಸುಮಾರಿಗೆ, ಅವರ ಪತ್ನಿ ಹೆಲೆನ್ ಸ್ಟಾರೋ ಈ ದಡವನ್ನು ಉದ್ಯಾನವಾಗಿ ಬೆಳೆಸಲು ಹತ್ತು ಲಕ್ಷ ಡಾಲರ್ ಕೊಟ್ಟರು. ಅದೇ ಸಮಯದಲ್ಲಿ ಈ ದಡದ ಮೇಲೆ ವಾಹನಗಳ ರಸ್ತೆ ಹಾಯಿಸುವ ಯೋಜನೆಯೂ ಎದ್ದಿತ್ತು. ಆಕೆ ಒಪ್ಪದ್ದರಿಂದ ಅದು ಬಿದ್ದುಹೋಯಿತು. ಆಕೆ 1944ರಲ್ಲಿ ತೀರಿಕೊಂಡರು. 1949ರಲ್ಲಿ ರಾಜ್ಯದ ಶಾಸನಸಭೆ ಅದೇ ದಡದ ಮೇಲೆ ವೇಗದ ಹೆದ್ದಾರಿಗೆ ಒಪ್ಪಿಗೆ ಕೊಟ್ಟಿತು, 1951ರಲ್ಲಿ ರಸ್ತೆ ತೆರೆಯಿತು. ಅದಕ್ಕೆ ಇಟ್ಟ ಹೆಸರು ಏನು ಗೊತ್ತೇ? ಸ್ಟಾರೋ ಡ್ರೈವ್! ಉದ್ಯಾನಕ್ಕಾಗಿ ದುಡಿದವರ ಹೆಸರನ್ನು ಉದ್ಯಾನವನ್ನು ನುಂಗಿದ ರಸ್ತೆಗೆ ಇಟ್ಟ ಈ ಜಾಣತನ ನನಗೆ ಇಂದಿಗೂ ಅರ್ಥವಾಗಿಲ್ಲ. ಹೋದ ಜಾಗಕ್ಕೆ ಬದಲಾಗಿ ನದಿಯಲ್ಲೇ ಮಣ್ಣು ತುಂಬಿ ನಡುಗಡ್ಡೆಗಳನ್ನೂ ಕೊಳಗಳನ್ನೂ ಮಾಡಿಕೊಟ್ಟರು ಎನ್ನುವುದನ್ನೂ ಹೇಳಬೇಕು. ಇಂದು ನೀವು ಸೈಕಲ್ ತುಳಿಯುವ ನೆಲದಲ್ಲಿ ಹೆಚ್ಚಿನ ಪಾಲು ಹೀಗೆ ತುಂಬಿದ್ದು. ಆದರೆ ಊರಿಗೂ ಹೊಳೆಗೂ ನಡುವೆ ಆ ರಸ್ತೆ ಗೋಡೆಯಂತೆ ಮಲಗಿದೆ. ಹೊಳೆಗೆ ಬರಬೇಕಾದವರು ಕಾಲುಸೇತುವೆಗಳನ್ನು ಹತ್ತಿ ಇಳಿದೇ ಬರಬೇಕು.

ಆ ರಸ್ತೆಯೂ ಒಂದು ಸೇಡು ತೀರಿಸಿಕೊಳ್ಳುತ್ತದೆ. ಅದರ ಮೇಲಿನ ಸೇತುವೆಗಳು ಬಹಳ ತಗ್ಗು, ಕೆಲವು ಕಡೆ ಮೂರು ಮೀಟರಿನಷ್ಟೇ ಎತ್ತರ. ಬಾಸ್ಟನ್ನಿನಲ್ಲಿ ವಿದ್ಯಾರ್ಥಿಗಳ ಬಾಡಿಗೆ ಮನೆಗಳ ಕರಾರು ಬಹುತೇಕ ಸೆಪ್ಟೆಂಬರ್ 1ಕ್ಕೆ ಶುರುವಾಗುತ್ತದೆ. ಅಂದು ಮಂಚ, ಕುರ್ಚಿ, ಪುಸ್ತಕಗಳನ್ನು ತುಂಬಿಕೊಂಡ ಬಾಡಿಗೆ ಲಾರಿಗಳು, ಎಚ್ಚರಿಕೆಯ ಫಲಕಗಳನ್ನು ಓದದೆ ಈ ರಸ್ತೆಗೆ ನುಗ್ಗಿ ಸೇತುವೆಗೆ ತಲೆ ಹೊಡೆದುಕೊಳ್ಳುತ್ತವೆ. ಇದು ಎಷ್ಟು ಪದೇ ಪದೇ ನಡೆಯುತ್ತದೆಂದರೆ, 'ಸ್ಟಾರೋಯಿಂಗ್' ಎಂಬ ಕ್ರಿಯಾಪದವನ್ನೇ ಅಲ್ಲಿಯ ಜನ ಕಟ್ಟಿಕೊಂಡಿದ್ದಾರೆ.

ಮುಂದೆ ಹಾರ್ವರ್ಡ್ ಸೇತುವೆ ಸಿಗುತ್ತದೆ. ಹೆಸರು ಹಾರ್ವರ್ಡ್, ದಾಟಿದರೆ ಸಿಗುವುದು ಎಂ.ಐ.ಟಿ. ಎಂಬ ಸುಪ್ರಸಿದ್ಧ ತಂತ್ರಜ್ಞಾನ ಸಂಸ್ಥೆ. ಇದರ ಕಾಲುದಾರಿಯ ಮೇಲೆ ಬಣ್ಣದಲ್ಲಿ ಗುರುತುಗಳಿವೆ, 10, 20, 30 ಎಂದು. 1958ರ ಅಕ್ಟೋಬರಿನಲ್ಲಿ ಎಂ.ಐ.ಟಿ.ಯ ಹುಡುಗರು ಆಲಿವರ್ ಸ್ಮೂಟ್ ಎಂಬ ತಮ್ಮ ಸಹಪಾಠಿಯನ್ನು ಸೇತುವೆಯ ಮೇಲೆ ಮಲಗಿಸಿ, ಗುರುತು ಹಾಕಿ, ಎಬ್ಬಿಸಿ, ಮತ್ತೆ ಮಲಗಿಸಿ, ಇಡೀ ಸೇತುವೆಯನ್ನು ಅಳೆದರು. ಸೇತುವೆಯ ಉದ್ದ 364.4 ಸ್ಮೂಟ್, ಒಂದು ಕಿವಿಯಷ್ಟು ಹೆಚ್ಚು ಕಡಿಮೆ! ಅಳತೆಯಲ್ಲಿ ಆಗಬಹುದಾದ ದೋಷವನ್ನೂ ಜತೆಗೇ ಹೇಳಬೇಕೆಂಬ ಭೌತಶಾಸ್ತ್ರದ ಪಾಠವನ್ನು ಆ ಹುಡುಗರು ಮರೆತಿರಲಿಲ್ಲ. ಮುಂದೆ ಸೇತುವೆಯನ್ನು ದುರಸ್ತಿ ಮಾಡಿದಾಗಲೂ ಗುರುತುಗಳನ್ನು ಉಳಿಸಿಕೊಂಡರು. ಹೀಗೆ ಅಳತೆಗೋಲಾಗಿ ಬಿದ್ದುಕೊಂಡಿದ್ದ ಆ ಹುಡುಗ ದೊಡ್ಡವನಾಗಿ, ಜಗತ್ತಿನ ಅಳತೆ ಮತ್ತು ಮಾನಕಗಳನ್ನು ಗೊತ್ತುಮಾಡುವ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಅಧ್ಯಕ್ಷನಾದನೆಂದರೆ ನೀವು ನಂಬಬೇಕು.

ಇಷ್ಟು ಹೊತ್ತು ಸುಖವಾಗಿ ಬಂದಿರಿ. ಬಾಸ್ಟನ್ ವಿಶ್ವವಿದ್ಯಾಲಯದ ಬಳಿಯ ಸೇತುವೆ ದಾಟುತ್ತಲೇ ದಾರಿ ಕಿರಿದಾಗುತ್ತದೆ. ಒಂದು ಕಡೆ ನೀರು. ಇನ್ನೊಂದು ಕಡೆ, ಕೈ ಚಾಚಿದರೆ ತಾಗುವಷ್ಟು ಹತ್ತಿರದಲ್ಲಿ, ಕಾರುಗಳು ಭರ್ರೆಂದು ಓಡುವ ರಸ್ತೆ. ಅದರ ಪಕ್ಕದಲ್ಲಿ ಕಂಬಗಳ ಮೇಲೆ ಅಂತರರಾಜ್ಯ ಹೆದ್ದಾರಿ. ಅದರಾಚೆಗೆ ರೈಲು ಹಳಿ. ಇಷ್ಟನ್ನೂ ಒಂದೇ ಇಕ್ಕಟ್ಟಿನಲ್ಲಿ ತುರುಕಿದ್ದಾರೆ. ಅಲ್ಲಿಯ ಜನ ಈ ಜಾಗಕ್ಕೆ 'ಗಂಟಲು' ಎಂದೇ ಕರೆಯುತ್ತಾರೆ. ಎದುರಿನಿಂದ ಒಬ್ಬ ಓಟಗಾರ ಬಂದರೆ ನೀವು ಸೈಕಲ್ ಇಳಿಯುವುದೇ ಕ್ಷೇಮ. ಹೆದ್ದಾರಿಯ ಕಂಬಗಳು ಹಳತಾಗಿ, ಅದನ್ನು ಹೇಗೆ ಮರುಕಟ್ಟಬೇಕೆಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಕೊನೆಗೆ 2021ರಲ್ಲಿ, ಹೆದ್ದಾರಿಯನ್ನು ನೆಲಕ್ಕೆ ಇಳಿಸಿ ಎಲ್ಲವನ್ನೂ ಒಂದೇ ಮಟ್ಟದಲ್ಲಿ ಕಟ್ಟುವುದು, ನದಿಯ ಬದಿಗೆ ಈಗಿರುವುದಕ್ಕಿಂತ ಅಗಲವಾದ ದಾರಿ ಬಿಡುವುದು ಎಂದು ರಾಜ್ಯ ಸರ್ಕಾರ ನಿರ್ಧರಿಸಿತು. ಕೆಲಸ ದೊಡ್ಡದು, ಹಣವೂ ದೊಡ್ಡದು. ಸೈಕಲ್ ಸವಾರನಿಗೆ ಬೇಕಾದದ್ದು ಮಾತ್ರ ಎರಡು ಮೂರು ಮೀಟರ್ ಅಗಲ. ಹೆದ್ದಾರಿಗೆ ಎಷ್ಟು ಸಾಲು ಎಂಬುದು ಮೊದಲು ಗೊತ್ತಾಗಿ, ಮಿಕ್ಕಿದ್ದರಲ್ಲಿ ಮನುಷ್ಯನಿಗೆ ಎಷ್ಟು ಎಂದು ಎಣಿಸುವ ಕ್ರಮ ಎಲ್ಲ ದೇಶಗಳಲ್ಲೂ ಒಂದೇ ಎಂದು ಕಾಣುತ್ತದೆ.

ಇಲ್ಲಿಂದ ಮೇಲೆ ಸೇತುವೆಗಳು ಸಾಲಾಗಿ ಬರುತ್ತವೆ. ಒಂದೊಂದರ ಬಳಿಯೂ ದಾರಿ ರಸ್ತೆಗೆ ಏರಿ, ದೀಪದ ಕಂಬದ ಬಳಿ ಕಾದು, ದಾಟಿ ಮತ್ತೆ ದಡಕ್ಕೆ ಇಳಿಯಬೇಕು. ಅಮೆರಿಕದಲ್ಲಿ ಸಂಚಾರ ಬಲಗಡೆ ಎಂಬುದನ್ನು ನಮ್ಮವರು ಅಲ್ಲಿ ಮೊದಲ ವಾರ ಮರೆಯುತ್ತಾರೆ, ಜೋಕೆ. ಹಿಂದಿನಿಂದ ಬಂದು ದಾಟುವವರು 'ನಿಮ್ಮ ಎಡಕ್ಕೆ ಬರುತ್ತಿದ್ದೇನೆ' ಎಂದು ಕೂಗುತ್ತಾರೆ. ಅದನ್ನು ಕೇಳಿ ಎಡಕ್ಕೇ ಸರಿದರೆ ಡಿಕ್ಕಿ ಖಂಡಿತ. ರಾತ್ರಿ ಮುಂದೆ ಬಿಳಿ ದೀಪ, ಹಿಂದೆ ಕೆಂಪು ಇರಬೇಕು. 16 ವರ್ಷ ಮತ್ತು ಅದಕ್ಕಿಂತ ಕಿರಿಯರು ಶಿರಸ್ತ್ರಾಣ ಧರಿಸಲೇಬೇಕೆಂದು ಕಾನೂನಿದೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ಗೋಪುರಗಳನ್ನು ದಾಟಿದ ಮೇಲೆ ಎಲಿಯಟ್ ಸೇತುವೆ. ಅಪ್ಪ ಮಗ ಇಬ್ಬರ ನೆನಪಿಗೆ ಇಟ್ಟ ಹೆಸರಿದು. ಅಪ್ಪ ಹಾರ್ವರ್ಡಿನ ಅಧ್ಯಕ್ಷ, ಲೋಕಪ್ರಸಿದ್ಧ. ನನಗೆ ಮಗನ ಬಗ್ಗೆ ಹೆಚ್ಚು ಗೌರವ. ಚಾರ್ಲ್ಸ್ ಎಲಿಯಟ್ ಉದ್ಯಾನ ಶಿಲ್ಪಿ; ಬದುಕಿದ್ದು 37 ವರ್ಷ ಮಾತ್ರ, 1897ರಲ್ಲಿ ತೀರಿಕೊಂಡ. ಅವನೂ ಸಿಲ್ವೆಸ್ಟರ್ ಬ್ಯಾಕ್ಸ್‌ಟರ್ ಎಂಬ ಪತ್ರಕರ್ತನೂ ಸೇರಿ ಒತ್ತಾಯ ತಂದದ್ದರಿಂದ 1893ರಲ್ಲಿ ಮಹಾನಗರ ಉದ್ಯಾನ ಆಯೋಗ ಹುಟ್ಟಿತು. ಎಲಿಯಟ್ ಹಿಡಿದ ಎಳೆ ಇದು: ನದಿ ಹಲವು ಊರುಗಳ ನಡುವೆ ಹರಿಯುತ್ತದೆ, ಒಂದೊಂದು ಊರೂ ತನ್ನ ತನ್ನ ತುಂಡನ್ನು ನೋಡಿಕೊಂಡರೆ ಒಬ್ಬರು ಉದ್ಯಾನ ಮಾಡುತ್ತಾರೆ, ಪಕ್ಕದವರು ಕಸಾಯಿಖಾನೆ ಮಾಡುತ್ತಾರೆ. ಆದ್ದರಿಂದ ಊರಿನ ಗಡಿಗಳನ್ನು ಮೀರಿದ ಒಂದು ಆಯೋಗವೇ ಎರಡೂ ದಡಗಳನ್ನು ಕೊಂಡು ಸಾರ್ವಜನಿಕರ ಹೆಸರಿಗೆ ಇಟ್ಟುಬಿಡಬೇಕು. ಆ ಹೊತ್ತಿಗೆ ಬ್ರೈಟನ್ ಭಾಗದ ದಡದಲ್ಲಿ ದೊಡ್ಡ ಕಸಾಯಿಖಾನೆ ನಿಜವಾಗಿಯೂ ಇತ್ತು! ದಡಗಳು ಆಗ ಕೊಳಕಾಗಿದ್ದವು, ಆದ್ದರಿಂದ ಅಗ್ಗವಾಗಿದ್ದವು. ಆಯೋಗ ಕೊಳ್ಳುತ್ತಾ ಹೋಯಿತು. ಎಲಿಯಟ್ ತೀರಿಕೊಂಡ ಮೇಲೂ ಕೆಲಸ ನಿಲ್ಲಲಿಲ್ಲ. ಅಣೆಕಟ್ಟು ಆಮೇಲೆ ಬಂತು, ಹುಲ್ಲು ಆಮೇಲೆ ಬಂತು, ಸೈಕಲ್ ದಾರಿ ಇನ್ನೂ ಎಷ್ಟೋ ಕಾಲದ ಮೇಲೆ ಬಂತು. ಮೊದಲು ಬಂದದ್ದು ಕ್ರಯಪತ್ರ. ನಿಮ್ಮ ಹಾಳೆಯ ಮೇಲಿನ ಸುತ್ತು ಎಲ್ಲಿಯೂ ಪೂರ್ತಿ ತುಂಡಾಗದೆ ಇರುವುದಕ್ಕೆ ಆ ಕ್ರಯಪತ್ರಗಳೇ ಕಾರಣ. ಎಲ್ಲಿ ಅದು ಕಿರಿದಾಗುತ್ತದೋ, ನಿಮ್ಮನ್ನು ರಸ್ತೆಗೆ ಎಳೆಯುತ್ತದೋ, ಅಲ್ಲಿ ಮುಂದೆ ಯಾರೋ ದಡವನ್ನು ಮರಳಿ ಕಿತ್ತುಕೊಂಡಿದ್ದಾರೆ ಎಂದು ತಿಳಿಯಬಹುದು.

ಸೇತುವೆಯ ಸುತ್ತಮುತ್ತ ದೋಣಿಮನೆಗಳಿವೆ. ಉದ್ದನೆಯ ಹುಟ್ಟುದೋಣಿಗಳಲ್ಲಿ ಎಂಟೆಂಟು ಜನ ಬೆನ್ನು ಮುಂದಾಗಿ ಕುಳಿತು ಅಭ್ಯಾಸ ಮಾಡುತ್ತಿರುತ್ತಾರೆ. 1965ರಲ್ಲಿ ಆರಂಭವಾದ ದೋಣಿ ಪಂದ್ಯವೊಂದು ಪ್ರತಿ ಅಕ್ಟೋಬರಿನಲ್ಲೂ ಇಲ್ಲಿ ನಡೆಯುತ್ತದೆ. ಎರಡೂ ದಡಗಳಲ್ಲಿ ನಮ್ಮ ಜಾತ್ರೆಯಂತೆ ಜನ ಸೇರುತ್ತಾರೆ. ಅಂದು ಸೈಕಲ್ ಮನೆಯಲ್ಲೇ ಬಿಡುವುದು ಒಳ್ಳೆಯದು.

ವಾಟರ್‌ಟೌನ್ ತಲುಪುವ ಹೊತ್ತಿಗೆ ಹೊಳೆ ಸಣ್ಣದಾಗಿ, ಮರಗಳು ಮೈಮೇಲೆ ಬಾಗಿ, ನಗರದಲ್ಲಿದ್ದೇವೆ ಎಂಬುದೇ ಮರೆಯುತ್ತದೆ. ಸೇತುವೆಯಿಂದ ಸ್ವಲ್ಪ ಮೇಲಕ್ಕೆ ಹೋದರೆ ತಗ್ಗಾದ ಒಂದು ಹಳೆಯ ಕಟ್ಟೆ. ಹದಿನೇಳನೆಯ ಶತಮಾನದಿಂದ ಗಿರಣಿ ತಿರುಗಿಸಲು ಇಲ್ಲಿ ನೀರು ತಡೆಯುತ್ತಾ ಬಂದಿದ್ದರು. ಏಪ್ರಿಲ್, ಮೇ ತಿಂಗಳಲ್ಲಿ ಬಂದರೆ ಇಲ್ಲಿ ಒಂದು ಗಂಟೆ ನಿಲ್ಲಿ. ಸಮುದ್ರದಲ್ಲಿ ಬೆಳೆದ ಹೆರಿಂಗ್ ಜಾತಿಯ ಮೀನುಗಳು, ನಮ್ಮ ಕರಾವಳಿಯ ಬೂತಾಯಿಯ ನೆಂಟರು ಎನ್ನಿ, ಮೊಟ್ಟೆಯಿಡಲು ಸಿಹಿನೀರನ್ನು ಹುಡುಕಿಕೊಂಡು ನಾವು ಬಂದ ದಾರಿಯನ್ನೇ ಈಜಿಕೊಂಡು ಬಂದಿರುತ್ತವೆ. ಕಟ್ಟೆಯ ಪಕ್ಕದಲ್ಲಿ ಅವು ಹತ್ತಲೆಂದು ಮೆಟ್ಟಿಲುಗಳಂತಹ ಕಾಲುವೆ ಇದೆ. ಹತ್ತಲಾರದೆ ಕೆಳಗೆ ಗುಂಪುಗೂಡಿದವುಗಳಿಗಾಗಿ ಬಕಗಳೂ ಕಡಲಹಕ್ಕಿಗಳೂ ಕಾದು ಕೂತಿರುತ್ತವೆ. ಗಿರಣಿ ನಿಂತು ಎಷ್ಟೋ ಕಾಲವಾಯಿತು, ಇನ್ನು ಕಟ್ಟೆಯನ್ನೇ ತೆಗೆದುಬಿಡಿ ಎಂದು ನದಿಯ ಪರವಾದ ಸಂಘಗಳು ಕೇಳುತ್ತಿವೆ. ಕಟ್ಟೆಯ ನೀರಿನ ಸದ್ದಿಗೆ ಒಗ್ಗಿಹೋದವರು ಬೇಡ ಎನ್ನುವುದೂ ಸಹಜವೇ.

ಇಲ್ಲಿ ಸೇತುವೆ ದಾಟಿ ಉತ್ತರ ದಡ ಹಿಡಿಯಬೇಕು. ಸ್ವಲ್ಪ ಮುಂದೆ ಒಂದು ಕಡೆ ದಾರಿಯ ಬದಿಯಲ್ಲಿ ಹಗ್ಗ ಕಟ್ಟಿರುವುದು ಕಾಣುತ್ತದೆ, ಹಗ್ಗದಲ್ಲಿ ಮಣಿಗಳಿವೆ. ಹಗ್ಗ ಹಿಡಿದು ನಡೆಯುತ್ತಾ, ಮಣಿ ಕೈಗೆ ಸಿಕ್ಕಲ್ಲಿ ನಿಂತರೆ ಬ್ರೈಲ್ ಲಿಪಿಯ ಫಲಕ ಇರುತ್ತದೆ. ಸಮೀಪದಲ್ಲೇ ಪರ್ಕಿನ್ಸ್ ಅಂಧರ ಶಾಲೆ ಇದೆ. ಹೆಲೆನ್ ಕೆಲರ್ ಮತ್ತು ಅವರ ಗುರು ಆನ್ ಸಲಿವನ್ ಇಬ್ಬರೂ ಓದಿದ ಶಾಲೆ. ಅವರ ಕಾಲದಲ್ಲಿ ನಗರದ ಇನ್ನೊಂದು ಭಾಗದಲ್ಲಿದ್ದು, 1912ರಲ್ಲಿ ಇಲ್ಲಿಗೆ ಬಂತು. ಈ ಬ್ರೈಲ್ ದಾರಿ ಆದದ್ದು 2016ರಲ್ಲಿ. ಇಲ್ಲಿ ಸೈಕಲ್ಲಿನಿಂದ ಇಳಿದು, ಕಣ್ಣು ಮುಚ್ಚಿಕೊಂಡು ಹಗ್ಗ ಹಿಡಿದು ಹತ್ತು ಹೆಜ್ಜೆ ನಡೆದು ನೋಡಿ. ಹೊಳೆ ಎಷ್ಟು ಮಾತಾಡುತ್ತದೆಂಬುದು ಆಗ ತಿಳಿಯುತ್ತದೆ.

ಕೇಂಬ್ರಿಜ್ ದಡದ ರಸ್ತೆಯ ಹೆಸರು ಮೆಮೋರಿಯಲ್ ಡ್ರೈವ್. ಅದರ ಒಂದು ಭಾಗದಲ್ಲಿ ಎರಡು ಬದಿಗೂ ಭಾರಿ ಸಿಕಮೋರ್ ಮರಗಳು. 1964ರಲ್ಲಿ, ಕಾರುಗಳು ನಿಲ್ಲದೆ ಓಡಲಿ ಎಂದು ಇಲ್ಲಿ ಸುರಂಗ ರಸ್ತೆಗಳನ್ನು ತೋಡುವ, ಅದಕ್ಕಾಗಿ ಮರಗಳನ್ನು ಕಡಿಯುವ ಯೋಜನೆ ಬಂತು. ಊರಿನವರು ಎದ್ದು ನಿಂತರು, ಮರಗಳು ಉಳಿದವು. ಅಲ್ಲಿಗೂ ಬಿಡದೆ ಅವರು ಇನ್ನೊಂದು ಬೇಡಿಕೆ ಇಟ್ಟರು. 1970ರ ದಶಕದಿಂದ, ಬೇಸಗೆ ಕಾಲದ ಭಾನುವಾರಗಳಂದು ಈ ರಸ್ತೆಯ ಎರಡು ಕಿಲೋಮೀಟರಿಗೂ ಮಿಕ್ಕಿದ ಭಾಗಕ್ಕೆ ಕಾರುಗಳ ಪ್ರವೇಶವಿಲ್ಲ. ಅಂದು ಅಲ್ಲಿ ಮೂರು ಗಾಲಿಯ ಸೈಕಲ್ಲಿನ ಮಗು, ಗಾಲಿಕುರ್ಚಿಯ ಅಜ್ಜ, ಗಾಲಿಬೂಟಿನ ಕಾಲೇಜು ಹುಡುಗಿ ಎಲ್ಲರೂ ಹೆದ್ದಾರಿಯ ನಟ್ಟನಡುವೆ. ಒಂದು ರೂಪಾಯಿಯ ಕಾಂಕ್ರೀಟೂ ಇಲ್ಲದೆ, ಬರೀ ಅಡ್ಡಗಟ್ಟೆಗಳನ್ನಿಟ್ಟು ದಡವನ್ನು ಅಗಲ ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಸೋಮವಾರ ಬೆಳಗಾದರೆ ಕಾರುಗಳು ಮರಳುತ್ತವೆ. 2024ರ ಸೆಪ್ಟೆಂಬರಿನಲ್ಲಿ, ಇದೇ ರಸ್ತೆಯಲ್ಲಿ ಸ್ವಲ್ಪ ಮುಂದೆ, ಒಂದು ದೋಣಿಮನೆಯ ಬಳಿ, ಕಾರೊಂದು ರಸ್ತೆ ಬಿಟ್ಟು ದಡದ ದಾರಿಗೆ ನುಗ್ಗಿತು. ಅಲ್ಲಿ ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬರು ಸತ್ತರು. ಅವರು ರಸ್ತೆಯಲ್ಲಿ ಇರಲಿಲ್ಲ, ನಿಯಮ ಮೀರಿರಲಿಲ್ಲ. ತಮಗೆ ಗೊತ್ತುಮಾಡಿದ ಕಿರಿದಾದ ಪಟ್ಟಿಯ ಮೇಲೇ ಇದ್ದರು. ರಸ್ತೆಗೂ ದಾರಿಗೂ ನಡುವೆ ಅಲ್ಲಿ ಹೇಳಿಕೊಳ್ಳುವಂತಹ ಅಂತರವೇ ಇರಲಿಲ್ಲ. ಕಾರಿನ ಸಾಲುಗಳನ್ನು ಕಡಿಮೆ ಮಾಡಿ ಆ ಜಾಗವನ್ನು ದಡಕ್ಕೆ ಕೊಡಿ ಎಂಬ ಕೂಗು ಆಮೇಲೆ ಗಟ್ಟಿಯಾಯಿತು. ಎಷ್ಟು ಅಂಗುಲ ಯಾರಿಗೆ ಎಂಬ ಲೆಕ್ಕ ಎಂಜಿನಿಯರುಗಳ ನಕ್ಷೆಯ ಮೇಲೆ ಒಣ ಲೆಕ್ಕವಾಗಿ ಕಾಣುತ್ತದೆ. ನಿಮ್ಮಲ್ಲಿ ಕೆಲವರು ಮುಂದೆ ಅಂತಹ ನಕ್ಷೆಗಳಿಗೆ ಸಹಿ ಹಾಕುವವರು, ಅದಕ್ಕಾಗಿ ಇದನ್ನು ಹೇಳಿದೆ.

ಇನ್ನು ಎಂ.ಐ.ಟಿ.ಯ ಗುಮ್ಮಟದ ಮುಂದಿನ ಕಟ್ಟೆಯ ಮೇಲೆ ಕುಳಿತು ದಣಿವಾರಿಸಿಕೊಳ್ಳಿ. ಎದುರಿಗೆ ಹೊಳೆ ಅರ್ಧ ಕಿಲೋಮೀಟರಿಗೂ ಹೆಚ್ಚು ಅಗಲವಾಗಿ ಹೊಳೆಯುತ್ತಿರುತ್ತದೆ. ಇದು ಎಷ್ಟು ಶುದ್ಧ? ಒಂದು ಕಾಲಕ್ಕೆ ಇದು ಹೊಲಸು ನೀರಿಗೇ ಹೆಸರಾಗಿತ್ತು. ದೋಣಿ ಮಗುಚಿ ಬಿದ್ದವರು ವೈದ್ಯರ ಬಳಿ ಓಡುತ್ತಿದ್ದರು. 1965ರಲ್ಲಿ ನದಿಗಾಗಿಯೇ ಒಂದು ಜಲಾನಯನ ಸಂಘ ಹುಟ್ಟಿತು. 1972ರಲ್ಲಿ ಕೇಂದ್ರ ಸರ್ಕಾರದ ಶುದ್ಧ ನೀರಿನ ಕಾಯಿದೆ ಬಂತು. ಮಳೆ ಬಂದಾಗ ಮಳೆನೀರೂ ಮಲಿನ ನೀರೂ ಒಂದೇ ಕೊಳವೆಯಲ್ಲಿ ಉಕ್ಕಿ ಹೊಳೆಗೆ ಬೀಳುವ ಹಳೆಯ ಚರಂಡಿಗಳನ್ನು ನ್ಯಾಯಾಲಯದ ಕಟ್ಟಪ್ಪಣೆಯ ಅಡಿಯಲ್ಲಿ ಸರಿಪಡಿಸುತ್ತಾ ಬಂದರು. 1995ರಲ್ಲಿ ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆ ಈ ಹೊಳೆಗೆ ಶಾಲೆಯ ಮಕ್ಕಳಿಗೆ ಕೊಡುವಂತೆ ಅಂಕಪಟ್ಟಿ ಕೊಡಲು ಶುರುಮಾಡಿತು. ಮೊದಲ ವರ್ಷ ಸಿಕ್ಕಿದ್ದು 'ಡಿ' ದರ್ಜೆ. ಸಾರ್ವಜನಿಕವಾಗಿ ನಪಾಸಾಗುವ ಅವಮಾನ ಎಷ್ಟು ಕೆಲಸ ಮಾಡುತ್ತದೆ ನೋಡಿ! ಯಾವ ಕೊಳವೆ ಎಲ್ಲಿಂದ ಕದ್ದು ಬಂದು ಸೇರುತ್ತದೆಂದು ಹುಡುಕಿ ಹುಡುಕಿ ಮುಚ್ಚಿದರು. ಮುಂದಿನ ವರ್ಷಗಳಲ್ಲಿ ದರ್ಜೆ 'ಬಿ'ಗೆ ಏರಿತು, 'ಎ'ಯ ಹತ್ತಿರಕ್ಕೂ ಹೋಯಿತು. 2011ರಲ್ಲಿ ನದಿಗಳಿಗೆ ಕೊಡುವ ಒಂದು ಅಂತರರಾಷ್ಟ್ರೀಯ ಪ್ರಶಸ್ತಿಯೂ ಬಂತು. ಬಿಸಿಲು ಹೆಚ್ಚಾದ ವರ್ಷ ವಿಷಪಾಚಿ ಹಬ್ಬುವುದು, ದೊಡ್ಡ ಮಳೆಯ ಮರುದಿನ ನೀರು ಕೆಡುವುದು ಇನ್ನೂ ನಿಂತಿಲ್ಲ.

ಎದುರು ದಡದಲ್ಲಿ ನೀವು ಬೆಳಗ್ಗೆ ದಾಟಿ ಬಂದ ಸಂಗೀತ ವೇದಿಕೆ ಕಾಣುತ್ತದೆ. 2013ರ ಜುಲೈ ತಿಂಗಳಲ್ಲಿ, ಐವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಮೊದಲ ಬಾರಿಗೆ, ಸಾರ್ವಜನಿಕರಿಗೆ ಈ ಹೊಳೆಯಲ್ಲಿ ಈಜಲು ಅಪ್ಪಣೆ ಕೊಟ್ಟದ್ದು ಅದರ ಬಳಿಯೇ. ಆದರೆ ದಡದಿಂದ ನಡೆದು ನೀರಿಗೆ ಇಳಿಯಲು ಯಾರಿಗೂ ಅಪ್ಪಣೆ ಇರಲಿಲ್ಲ. ದೋಣಿಕಟ್ಟೆಯಿಂದ ಆಳವಾದ ಕಡೆಗೇ ಧುಮುಕಬೇಕು, ಈಜಿ ಬಂದು ದೋಣಿಕಟ್ಟೆಗೇ ಹತ್ತಬೇಕು. 1910ರಲ್ಲಿ ನೀರಿನಡಿ ಮರೆಯಾದ ಕೆಸರು, ಅದರ ಮೇಲೆ ನೂರು ವರ್ಷ ಕಾರ್ಖಾನೆಗಳೂ ರಸ್ತ��ಗಳೂ ಸುರಿದದ್ದು, ಇನ್ನೂ ತಳದಲ್ಲೇ ಕೂತಿದೆ. ಈಜುವವರ ಕಾಲು ಅದಕ್ಕೆ ತಾಗಬಾರದು.